ಅರಿಜೋನಾದ ಮರುಭೂಮಿಯಲ್ಲಿ ಕಂಡ ಬಿಳಿಗೆರೆಗಳ ಪತಂಗ: ಪ್ರಭೇದ, ವ್ಯಾಪ್ತಿ ಮತ್ತು ಆಹಾರಸಸ್ಯಗಳ ಬಗ್ಗೆ

ಟ್ಯೂಸಾನ್‌ವಾಸಿ:

ಎಲ್ಲರಿಗೂ ನಮಸ್ಕಾರ. ಅಮೆರಿಕದ ಅರಿಜೋನಾ ರಾಜ್ಯದ ಟ್ಯೂಸಾನ್ ನಗರದ ಅಂಚಿನಲ್ಲಿ, ಸೊನೋರನ್ ಮರುಭೂಮಿಗೆ ತಾಗಿಕೊಂಡಿರುವ ಬಡಾವಣೆಯೊಂದರಲ್ಲಿ ನಾವು ವಾಸವಾಗಿದ್ದೇವೆ. ಇಲ್ಲಿಯವರೂ ಮಾನ್ಸೂನ್ ಎಂದೇ ಕರೆಯುವ ಬೇಸಿಗೆಯ ಮಳೆ ಈ ಸಲ ಚೆನ್ನಾಗಿ ಆಯಿತು. ಅದಾದ ಕೆಲವು ವಾರಗಳಿಗೆ, ಮುಸ್ಸಂಜೆಯ ಹೊತ್ತಿನಲ್ಲಿ, ನಮ್ಮ ಅಂಗಳದ ಸಂಜೆಮಲ್ಲಿಗೆ ಹೂಗಳ ಮುಂದೆ ದೊಡ್ಡ ಪತಂಗಗಳು ಕಾಣಿಸಿಕೊಳ್ಳತೊಡಗಿದವು. ಅವು ಹೂವಿನ ಮೇಲೆ ಕೂರುವುದಿಲ್ಲ. ಹಮ್ಮಿಂಗ್‌ಬರ್ಡ್ ಹಕ್ಕಿಯಂತೆ ಗಾಳಿಯಲ್ಲೇ ನಿಂತು ಉದ್ದನೆಯ ಸೊಂಡಿಲನ್ನು ಹೂವಿನೊಳಗೆ ಇಳಿಸುತ್ತವೆ. ಮುಂದಿನ ರೆಕ್ಕೆ ಕಡುಕಂದು, ಅದರ ಉದ್ದಕ್ಕೂ ಮಾಸಲು ಬಣ್ಣದ ಒಂದು ಪಟ್ಟೆ, ಹಾರುವಾಗ ಹಿಂದಿನ ರೆಕ್ಕೆಯಲ್ಲಿ ಗುಲಾಬಿ ಬಣ್ಣ ಮಿಂಚುತ್ತದೆ.

ಇದೇ ಸಮಯದಲ್ಲಿ ಪಕ್ಕದ ಖಾಲಿ ನಿವೇಶನದಲ್ಲಿಯೂ ರಸ್ತೆಯ ಮೇಲೂ ಬೆರಳುದ್ದದ ಹುಳುಗಳು ಸಾಲಾಗಿ ಹರಿದಾಡುತ್ತಿವೆ. ಕೆಲವು ಹಸಿರು, ಕೆಲವು ಹೆಚ್ಚುಕಡಿಮೆ ಕಪ್ಪು, ಆದರೆ ಎಲ್ಲದರ ಬಾಲದ ಕಡೆಯೂ ಒಂದು ಕೊಂಬು ಇದೆ. ನಮ್ಮ ಟೊಮೆಟೊ ಗಿಡದಲ್ಲಿಯೂ ಕೊಂಬಿನ ಹುಳು ಸಿಕ್ಕಿದೆ. ನೆರೆಯವರನ್ನು ಕೇಳಿದರೆ ಇದು ಮರುಭೂಮಿಯ ಪತಂಗ ಎನ್ನುತ್ತಾರೆಯೇ ಹೊರತು ಅದಕ್ಕಿಂತ ಹೆಚ್ಚಿನ ವಿವರ ದೊರೆಯಲಿಲ್ಲ.

ನನ್ನ ಪ್ರಶ್ನೆಗಳು ಹೀಗಿವೆ. ಈ ಪತಂಗದ ನಿಖರವಾದ ಪ್ರಭೇದ ಯಾವುದು, ಮತ್ತು ಹಸಿರು, ಕಪ್ಪು ಹುಳುಗಳೆಲ್ಲ ಅದರವೇ? ಇದು ನಿಜವಾಗಿಯೂ ಮರುಭೂಮಿಗೆ ಮಾತ್ರ ಸೀಮಿತವೇ? ನಾನು ನೋಡಿದ ಕೈಪಿಡಿಗಳಲ್ಲಿ ಇದರ ಆಹಾರಸಸ್ಯಗಳ ಪಟ್ಟಿ ಗೋಣಿಸೊಪ್ಪಿನಿಂದ ಸೇಬಿನ ಮರದವರೆಗೂ ಹಬ್ಬಿದೆ. ಅದನ್ನು ಎಷ್ಟರಮಟ್ಟಿಗೆ ನಂಬಬಹುದು? ವಿಜಯಪುರದ ಕಡೆ ದ್ರಾಕ್ಷಿ ತೋಟಗಳಲ್ಲಿ ಇದನ್ನೇ ಹೋಲುವ ಪತಂಗವನ್ನು ಚಿಕ್ಕಂದಿನಲ್ಲಿ ನೋಡಿದ ನೆನಪಿರುವುದರಿಂದ, ನಮ್ಮ ನಾಡಿನಲ್ಲೂ ಇದು ಇದೆಯೇ ಎಂಬ ಕುತೂಹಲವೂ ಇದೆ.

ರೆಕ್ಕೆಗೆರೆ:

ನಿಮ್ಮ ವರ್ಣನೆಗೆ ಹೊಂದುವುದು ಹೈಲಿಸ್ ಲಿನಿಯೇಟಾ, ಅಂದರೆ ಅಮೆರಿಕದವರು ಬಿಳಿಗೆರೆಯ ಸ್ಫಿಂಕ್ಸ್ ಎಂದು ಕರೆಯುವ ಹಾಕ್ ಮಾತ್. ಹಾಕ್ ಮಾತ್‌ಗಳೆಂದರೆ ಸ್ಫಿಂಜಿಡೆ ಕುಟುಂಬದ ಪತಂಗಗಳು; ಈ ಪ್ರಭೇದವನ್ನು 1775ರಲ್ಲಿ ಕೀಟಶಾಸ್ತ್ರಜ್ಞ ಫ್ಯಾಬ್ರೀಷಿಯಸ್ ಮೊದಲಿಗೆ ಹೆಸರಿಸಿದರು. ಆದರೆ ಹಾರುವಾಗ ಕಂಡ ಗುಲಾಬಿ ಬಣ್ಣವೊಂದನ್ನೇ ಆಧಾರವಾಗಿಟ್ಟುಕೊಂಡು ತೀರ್ಮಾನಕ್ಕೆ ಬರುವುದು ಸರಿಯಲ್ಲ. ಹಿಂದಿನ ರೆಕ್ಕೆಯಲ್ಲಿ ಗುಲಾಬಿ ಇರುವ ಹಾಕ್ ಮಾತ್‌ಗಳು ಆ ಭಾಗದಲ್ಲಿ ಬೇರೆಯೂ ಇವೆ. ಪತಂಗವು ಗೋಡೆಯ ಮೇಲೋ ದೀಪದ ಬಳಿಯೋ ವಿಶ್ರಮಿಸುತ್ತಿರುವಾಗ ಮೇಲಿನಿಂದ ಒಂದು ಚಿತ್ರ ತೆಗೆದು ಈ ಲಕ್ಷಣಗಳನ್ನು ಪರಿಶೀಲಿಸಿರಿ.

ಮೊದಲು ನೋಡಬೇಕಾದದ್ದು ಎದೆಭಾಗ. ತಲೆಯ ಹಿಂದೆ, ಎರಡೂ ರೆಕ್ಕೆಗಳ ಬುಡದ ನಡುವೆ, ಕಂದು ಹಿನ್ನೆಲೆಯ ಮೇಲೆ ಉದ್ದುದ್ದವಾಗಿ ಆರು ಬಿಳಿ ಗೆರೆಗಳು ಇರಬೇಕು. ಎರಡನೆಯದಾಗಿ, ಮುಂದಿನ ರೆಕ್ಕೆಯಲ್ಲಿ ಬುಡದಿಂದ ತುದಿಯವರೆಗೆ ಓರೆಯಾಗಿ ಸಾಗುವ ಮಾಸಲು ಪಟ್ಟೆಯನ್ನು ರೆಕ್ಕೆಯ ನರಗಳ ಮೇಲಿನ ಬಿಳಿ ಗೆರೆಗಳು ಅಡ್ಡವಾಗಿ ಕತ್ತರಿಸಿರಬೇಕು. ಈ ಬಿಳಿ ನರಗಳೇ ಇದರ ಹೆಸರಿಗೂ ಗುರುತಿಗೂ ಮೂಲ. ಹಿಂದಿನ ರೆಕ್ಕೆ ಕಪ್ಪು, ಅದರ ನಡುವೆ ಗುಲಾಬಿ ಪಟ್ಟೆ. ರೆಕ್ಕೆ ಬಿಚ್ಚಿದಾಗಿನ ಅಗಲ ಸುಮಾರು 6ರಿಂದ 9 ಸೆಂಟಿಮೀಟರ್. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಯೂಮಾರ್ಫಾ ಫ್ಯಾಸಿಯೇಟಾ ಎಂಬ ಇನ್ನೊಂದು ಹಾಕ್ ಮಾತ್‌ಗೆ ಮುಂದಿನ ರೆಕ್ಕೆಯಲ್ಲಿ ಪಟ್ಟೆಯೂ ಹಿಂದಿನ ರೆಕ್ಕೆಯಲ್ಲಿ ಗುಲಾಬಿಯೂ ಇರುವುದರಿಂದ ಹಲವರು ಇವೆರಡನ್ನೂ ಒಂದೆಂದು ಭಾವಿಸುತ್ತಾರೆ; ಆದರೆ ಅದರ ಎದೆಯ ಮೇಲೆ ಇಂಥ ಆರು ಗೆರೆಗಳಿಲ್ಲ, ಮತ್ತು ಅದರ ಹುಳುಗಳು ನೀರಿನ ಆಸರೆಯಲ್ಲಿ ಬೆಳೆಯುವ ಲುಡ್ವಿಜಿಯಾ ಗಿಡಗಳನ್ನು ತಿನ್ನುತ್ತವೆ.

ಹೊತ್ತು ಕೂಡ ಒಂದು ಸುಳಿವು. ಹೈಲಿಸ್ ಲಿನಿಯೇಟಾ ಮುಸ್ಸಂಜೆಯಲ್ಲಿ ಹೆಚ್ಚಾಗಿ ಕಾಣಿಸಿದರೂ ಬೆಳಕಿರುವಾಗಲೂ ರಾತ್ರಿಯೂ ಹಾರಬಲ್ಲದು. ಅದೇ ಕುಟುಂಬದ ಮ್ಯಾಂಡೂಕಾ ಪತಂಗಗಳು ಇದಕ್ಕಿಂತ ದೊಡ್ಡವು, ಬೂದುಬಣ್ಣದವು, ಮತ್ತು ಬಹುಮಟ್ಟಿಗೆ ಕತ್ತಲಾದ ಮೇಲೆಯೇ ಹೊರಬರುತ್ತವೆ.

ಇನ್ನು ಹುಳುಗಳ ವಿಷಯ. ಪತಂಗವನ್ನು ಗುರುತಿಸುವುದು ಸುಲಭ, ಹುಳುವನ್ನು ಗುರುತಿಸುವುದು ಕಷ್ಟ ಎಂಬುದು ಈ ಪ್ರಭೇದದ ಮಟ್ಟಿಗೆ ಪೂರ್ತಿ ನಿಜ. ಹಸಿರು ಮೈಯ ಮೇಲೆ ಹಳದಿ ಮತ್ತು ಕಪ್ಪು ಚುಕ್ಕೆಗಳ ಸಾಲು ಇರುವ ಹುಳುವೂ, ಕಪ್ಪು ಮೈಯ ಮೇಲೆ ಹಳದಿ ಗೆರೆಗಳಿರುವ ಹುಳುವೂ, ಇವೆರಡರ ನಡುವಿನ ಎಲ್ಲ ಬಗೆಗಳೂ ಇದರವೇ ಆಗಿರಬಹುದು. ಒಂದೇ ಗಿಡದಲ್ಲಿ ಎರಡೂ ಬಣ್ಣದವು ಸಿಗುತ್ತವೆ. ಕೊಂಬು ಸಾಮಾನ್ಯವಾಗಿ ಹಳದಿ ಅಥವಾ ಕಿತ್ತಳೆ, ಕೆಲವೊಮ್ಮೆ ತುದಿ ಕಪ್ಪು. ಅದು ಚುಚ್ಚುವುದಿಲ್ಲ, ವಿಷವೂ ಇಲ್ಲ. ಮುಟ್ಟಿದರೆ ಹುಳು ತಲೆಯ ಭಾಗವನ್ನು ಮೇಲೆತ್ತಿ ಹಸಿರು ದ್ರವವನ್ನು ಕಾರುತ್ತದೆ, ಅಷ್ಟೇ.

ಟೊಮೆಟೊ ಗಿಡದಲ್ಲಿ ಸಿಕ್ಕಿದ ಹುಳುವಿನ ಬಗ್ಗೆ ಮಾತ್ರ ನನಗೆ ಸಂದೇಹವಿದೆ. ಅದರ ಮೈಯ ಪಕ್ಕದಲ್ಲಿ ಏನಿತ್ತು, ಕೊಂಬಿನ ಬಣ್ಣ ಯಾವುದು ಎಂದು ದಯವಿಟ್ಟು ತಿಳಿಸಿರಿ.

ಟ್ಯೂಸಾನ್‌ವಾಸಿ:

ವಿವರವಾದ ಉತ್ತರಕ್ಕೆ ಧನ್ಯವಾದಗಳು. ಮುಂಬಾಗಿಲ ದೀಪದ ಕೆಳಗೆ ಗೋಡೆಗೆ ಅಂಟಿ ಕುಳಿತಿದ್ದ ಪತಂಗವೊಂದನ್ನು ಮೇಲಿನಿಂದ ಚಿತ್ರ ತೆಗೆದೆ. ಎದೆಯ ಮೇಲೆ ಆರು ಬಿಳಿ ಗೆರೆಗಳು ಸ್ಪಷ್ಟವಾಗಿವೆ. ರೆಕ್ಕೆಯ ನರಗಳು ಸುಣ್ಣದ ಕಡ್ಡಿಯಿಂದ ಎಳೆದಂತೆ ಬಿಳಿಯಾಗಿವೆ. ಖಾಲಿ ನಿವೇಶನದ ಹುಳುಗಳಲ್ಲಿ ಹಸಿರು ಮತ್ತು ಕಪ್ಪು ಎರಡಕ್ಕೂ ಕೊಂಬು ಕಿತ್ತಳೆ ಬಣ್ಣದ್ದು. ಟೊಮೆಟೊ ಗಿಡದ ಹುಳು ಅಚ್ಚ ಹಸಿರು, ಪಕ್ಕದಲ್ಲಿ ಓರೆಯಾದ ಬಿಳಿ ಗೆರೆಗಳಿವೆ, ಕೊಂಬು ಕೆಂಪು. ಅದು ಎಲೆಯ ಅಡಿಯಲ್ಲಿ ನೆರಳಿನಲ್ಲಿ ಅಂಟಿಕೊಂಡಿತ್ತು, ನಿವೇಶನದ ಹುಳುಗಳಾದರೋ ನಡುಹಗಲಿನ ಬಿಸಿಲಿನಲ್ಲೇ ಓಡಾಡುತ್ತವೆ. ಇವೆರಡೂ ಬೇರೆ ಬೇರೆಯೇ?

ರೆಕ್ಕೆಗೆರೆ:

ಬೇರೆಯೇ. ಪಕ್ಕದಲ್ಲಿ ಏಳು ಓರೆಗೆರೆಗಳು ಮತ್ತು ಕೆಂಪು ಕೊಂಬು ಇದ್ದರೆ ಅದು ಮ್ಯಾಂಡೂಕಾ ಸೆಕ್ಸ್‌ಟಾ, ತಂಬಾಕಿನ ಕೊಂಬುಹುಳು ಎಂದು ಪ್ರಸಿದ್ಧವಾದದ್ದು. ಅದರ ಹತ್ತಿರದ ಬಂಧುವಾದ ಮ್ಯಾಂಡೂಕಾ ಕ್ವಿನ್‌ಕ್ವಿಮ್ಯಾಕ್ಯುಲೇಟಾ ಕೂಡ ಟೊಮೆಟೊ ಗಿಡಕ್ಕೆ ಬರುತ್ತದೆ, ಆದರೆ ಅದರ ಪಕ್ಕದ ಗುರುತುಗಳು ಓರೆಗೆರೆಯಾಗಿರದೆ ಎರಡು ಗೆರೆಗಳು ಕೂಡಿದ ಮೂಲೆಯಂತೆ ಇರುತ್ತವೆ, ಕೊಂಬು ನೀಲಿಗಪ್ಪು. ಎರಡೂ ಬದನೆ, ಟೊಮೆಟೊ, ತಂಬಾಕು, ದತ್ತೂರಿಗಳ ಸೊಲನೇಸಿ ಕುಟುಂಬವನ್ನು ಅವಲಂಬಿಸಿದವು.

ಬಿಸಿಲು ಮತ್ತು ನೆರಳಿನ ಬಗ್ಗೆ ನೀವು ಗಮನಿಸಿದ್ದು ಬಣ್ಣ, ಗೆರೆಗಳಷ್ಟೇ ಮುಖ್ಯವಾದ ಲಕ್ಷಣ. ಸೊನೋರನ್ ಮರುಭೂಮಿಯಲ್ಲಿ ಮ್ಯಾಂಡೂಕಾ ಹುಳು ದತ್ತೂರಿಯ ಅಗಲ ಎಲೆಗಳ ಅಡಿಯಲ್ಲಿ ನೆರಳು ಹಿಡಿದು ಕೂತಿರುತ್ತದೆ. ಹೈಲಿಸ್ ಹುಳುವಿಗೆ ಸಿಗುವುದು ನೆಲಕ್ಕೆ ಹರಡಿದ, ನೆರಳೇ ಕೊಡದ ಚಿಕ್ಕ ಗಿಡಗಳು. ಆದ್ದರಿಂದ ಅದು ಬೆಳಿಗ್ಗೆ ಬಿಸಿಲಿಗೆ ಮೈಯೊಡ್ಡಿ ಕಾಯಿಸಿಕೊಳ್ಳುತ್ತದೆ, ನೆಲ ಸುಡತೊಡಗಿದರೆ ಗಿಡದ ತುದಿಗೆ ಏರುತ್ತದೆ, ಹೀಗೆ ಜಾಗ ಬದಲಿಸುತ್ತಲೇ ಮೈಯ ಬಿಸಿಯನ್ನು ಹಿಡಿತದಲ್ಲಿಟ್ಟುಕೊಂಡು ಒಂದೇ ಸಮನೆ ತಿನ್ನುತ್ತದೆ. ಮಳೆಯ ನಂತರದ ಗಿಡಗಳು ಕೆಲವೇ ವಾರಗಳಲ್ಲಿ ಒಣಗಿಹೋಗುವುದರಿಂದ ಅದಕ್ಕೆ ನಿಧಾನಿಸಲು ಅವಕಾಶವಿಲ್ಲ.

ಟೊಮೆಟೊ ಗಿಡಕ್ಕೆ ಔಷಧಿ ಹೊಡೆಯುವ ಅಗತ್ಯವಿಲ್ಲ. ಒಂದೆರಡು ಹುಳುಗಳಿದ್ದರೆ ಕೈಯಿಂದ ತೆಗೆದು ಹತ್ತಿರದ ದತ್ತೂರಿ ಗಿಡದ ಮೇಲೆ ಬಿಟ್ಟರೆ ಸಾಕು.

ಬೇಲಿಸಾಲಿನ ಗಿಡ:

ನಾನು ಸಸ್ಯಶಾಸ್ತ್ರದ ಕಡೆಯವನಾದ್ದರಿಂದ ಆಹಾರಸಸ್ಯಗಳ ಪ್ರಶ್ನೆಗೆ ಉತ್ತರಿಸುತ್ತೇನೆ. ಪಟ್ಟಿಯ ಬಗ್ಗೆ ನಿಮಗೆ ಬಂದ ಅನುಮಾನ ಸಮಂಜಸವಾದದ್ದು. ಹೈಲಿಸ್ ಲಿನಿಯೇಟಾ ಹಲವು ಕುಟುಂಬಗಳ ಗಿಡಗಳನ್ನು ತಿನ್ನುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮುದ್ರಿತ ಪಟ್ಟಿಗಳಲ್ಲಿ ಗೋಣಿಸೊಪ್ಪು, ದ್ರಾಕ್ಷಿ, ಟೊಮೆಟೊ, ಸೇಬು, ಎಲ್ಮ್ ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ತೂಕದಲ್ಲಿ ಬರುತ್ತವೆ. ಈ ಹುಳುಗಳು ಬೆಳೆದ ಮೇಲೆ ಬಹಳ ದೂರ ನಡೆಯುತ್ತವೆ. ನಡೆಯುವ ಹುಳು ದಾರಿಯಲ್ಲಿ ಸಿಕ್ಕ ಯಾವ ಗಿಡವನ್ನಾದರೂ ಹತ್ತಬಹುದು, ಹಸಿದಿದ್ದರೆ ಒಂದೆರಡು ಎಲೆ ಕಚ್ಚಲೂಬಹುದು. ಅದನ್ನು ಕಂಡವರು ಆ ಗಿಡದ ಹೆಸರನ್ನು ಬರೆದಿಟ್ಟರೆ ಪಟ್ಟಿ ಒಂದು ಹೆಸರಿನಷ್ಟು ಉದ್ದವಾಗುತ್ತದೆ. ಹೆಣ್ಣು ಪತಂಗ ಎಲೆಯ ಮೇಲೆ ಮೊಟ್ಟೆ ಇಟ್ಟಿತೇ, ಮರಿ ಅದೇ ಗಿಡವನ್ನು ತಿಂದು ಕೋಶಾವಸ್ಥೆಯವರೆಗೆ ಬೆಳೆಯಿತೇ ಎಂಬ ಎರಡು ಪ್ರಶ್ನೆಗಳಿಗೂ ಹೌದು ಎಂಬ ಉತ್ತರ ಇದ್ದಾಗ ಮಾತ್ರ ಅದನ್ನು ನಿಜವಾದ ಆಹಾರಸಸ್ಯ ಎಂದು ನಾನು ಒಪ್ಪುತ್ತೇನೆ.

ಆ ಅಳತೆಗೆ ನಿಲ್ಲುವವು ಮುಖ್ಯವಾಗಿ ಮೂರು ಗುಂಪುಗಳು. ಒಂದು, ಓನಗ್ರೇಸಿ ಕುಟುಂಬ: ಈನೊಥೆರಾ ಕುಲದ ಈವ್ನಿಂಗ್ ಪ್ರಿಮ್ರೋಸ್‌ಗಳು, ಅವುಗಳ ಮರುಭೂಮಿಯ ಬಂಧುಗಳು, ತೋಟಗಳಲ್ಲಾದರೆ ಫ್ಯೂಷಿಯಾ. ಎರಡು, ನಿಕ್ಟಾಜಿನೇಸಿ ಕುಟುಂಬ: ನಮ್ಮ ಕೊಮ್ಮೆ ಅಥವಾ ಪುನರ್ನವದ ಕುಲವಾದ ಬೋರ್ಹಾವಿಯಾ, ಮರಳಿನ ಮೇಲೆ ಗುಲಾಬಿ ಹಾಸಿನಂತೆ ಅರಳುವ ಅಬ್ರೋನಿಯಾ, ಮತ್ತು ಸಂಜೆಮಲ್ಲಿಗೆಯ ಕುಲವಾದ ಮಿರಾಬಿಲಿಸ್. ಮೂರು, ಗೋಣಿಸೊಪ್ಪಿನ ಕುಲವಾದ ಪೋರ್ಚುಲಾಕಾ. ನಿಮ್ಮ ಪತಂಗಗಳು ಮಕರಂದಕ್ಕಾಗಿ ಬರುತ್ತಿರುವ ಸಂಜೆಮಲ್ಲಿಗೆಯ ಎಲೆಗಳನ್ನೂ ತಿರುಗಿಸಿ ನೋಡಿರಿ; ತಿಳಿಹಸಿರಿನ ಚಿಕ್ಕ ದುಂಡು ಮೊಟ್ಟೆಗಳು ಸಿಗಬಹುದು. ಈ ಗಿಡ ಮೂಲತಃ ಅಮೆರಿಕ ಖಂಡದ್ದೇ ಆಗಿದ್ದು ಅಲ್ಲಿಂದ ನಮ್ಮ ಅಂಗಳಗಳಿಗೆ ಬಂದದ್ದು.

ಋತುವಿನ ವ್ಯತ್ಯಾಸವನ್ನೂ ಗಮನಿಸಬೇಕು. ಸೊನೋರನ್ ಮರುಭೂಮಿಗೆ ವರ್ಷದಲ್ಲಿ ಎರಡು ಮಳೆಗಾಲಗಳಿವೆ. ಚಳಿಗಾಲದ ಮಳೆ ಚೆನ್ನಾಗಿ ಬಿದ್ದ ವರ್ಷ ವಸಂತದಲ್ಲಿ ಪ್ರಿಮ್ರೋಸ್ ಮತ್ತು ಅಬ್ರೋನಿಯಾ ಹಬ್ಬುತ್ತವೆ, ಹುಳುಗಳು ಅವುಗಳ ಮೇಲೆ ಬೆಳೆಯುತ್ತವೆ. ಬೇಸಿಗೆಯ ಮಾನ್ಸೂನ್ ನಂತರ ಬರುವವು ಬೋರ್ಹಾವಿಯಾ ಮತ್ತು ಗೋಣಿಸೊಪ್ಪು. ನಿಮ್ಮ ಪಕ್ಕದ ನಿವೇಶನದಲ್ಲಿ ಈಗ ನೆಲಕ್ಕೆ ಹರಡಿಕೊಂಡು, ಅಂಟಂಟಾದ ತೆಳು ಕಾಂಡ ಮತ್ತು ಸಾಸಿವೆಯಷ್ಟು ಚಿಕ್ಕ ಹೂಗಳಿರುವ ಕಳೆ ಇದ್ದರೆ ಅದು ಬಹುಪಾಲು ಬೋರ್ಹಾವಿಯಾ.

ಇನ್ನೊಂದು ವಿಷಯವನ್ನು ಇಲ್ಲಿ ಸೇರಿಸಬೇಕೆನಿಸುತ್ತದೆ. ಓನಗ್ರೇಸಿ, ನಿಕ್ಟಾಜಿನೇಸಿ, ದ್ರಾಕ್ಷಿಯ ಕುಟುಂಬ, ಕೆಸುವಿನ ಕುಟುಂಬ ಇವು ಪರಸ್ಪರ ದೂರದ ಸಂಬಂಧಿಗಳಾದರೂ ಇವುಗಳ ಎಲೆಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳ ಕಟ್ಟುಗಳಿರುತ್ತವೆ. ಪತ್ರೊಡೆಗೆ ಹುಣಸೆಹುಳಿ ಕಡಿಮೆಯಾದರೆ ಗಂಟಲು ತುರಿಸುವುದಕ್ಕೆ ಇವೇ ಕಾರಣ. ಹೈಲಿಸ್ ಸೇರಿರುವ ಮ್ಯಾಕ್ರೊಗ್ಲಾಸಿನೇ ಉಪಕುಟುಂಬದ ಹಾಕ್ ಮಾತ್‌ಗಳು ಇಂಥ ಹರಳಿನ ಗಿಡಗಳ ಕುಟುಂಬಗಳನ್ನು ಮತ್ತೆ ಮತ್ತೆ ಆರಿಸಿಕೊಂಡಿರುವುದು ಕಂಡುಬರುತ್ತದೆ. ಆ ದೃಷ್ಟಿಯಿಂದ ನೋಡಿದರೆ ಪಟ್ಟಿಯಲ್ಲಿರುವ ದ್ರಾಕ್ಷಿಯ ಹೆಸರು ನನಗೆ ಸಹಜವಾಗಿ ತೋರುತ್ತದೆ, ಸೇಬಿನ ಹೆಸರು ಹಾಗೆ ತೋರುವುದಿಲ್ಲ. ಗೋಣಿಸೊಪ್ಪಿನ ಹರಳುಗಳು ಸೂಜಿಯಾಕಾರದವಲ್ಲ, ಆದ್ದರಿಂದ ಈ ವಿವರಣೆ ಎಲ್ಲ ಗಿಡಗಳಿಗೂ ಅನ್ವಯಿಸುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ.

ಕಾಳಿತೀರ:

ವ್ಯಾಪ್ತಿಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸದಿರುವುದರಿಂದ ಬರೆಯುತ್ತಿದ್ದೇನೆ. ಇದನ್ನು ಮರುಭೂಮಿಯ ಪತಂಗ ಎಂದು ಕರೆಯುವುದು ತಪ್ಪು ತಿಳಿವಳಿಕೆಗೆ ಎಡೆಮಾಡುತ್ತದೆ. ಕೆನಡಾದ ದಕ್ಷಿಣ ಭಾಗದಿಂದ ಅಮೆರಿಕ ಸಂಯುಕ್ತ ಸಂಸ್ಥಾನ, ಮೆಕ್ಸಿಕೊಗಳ ಮೂಲಕ ಮಧ್ಯ ಅಮೆರಿಕದವರೆಗೂ, ಕೆರಿಬಿಯನ್ ದ್ವೀಪಗಳಲ್ಲಿಯೂ ಹೈಲಿಸ್ ಲಿನಿಯೇಟಾ ಸಿಗುತ್ತದೆ. ಹುಲ್ಲುಗಾವಲು, ಬೆಟ್ಟದ ಹೂಬಯಲು, ನಗರದ ಉದ್ಯಾನ, ಎಲ್ಲೆಡೆಯೂ ಇದೆ. ಬಲವಾಗಿ ಹಾರಬಲ್ಲ ಪತಂಗವಾದ್ದರಿಂದ ಉತ್ತರದ ಅಂಚಿನಲ್ಲಿ ಕಾಣುವವುಗಳಲ್ಲಿ ಹಲವು ದಕ್ಷಿಣದಿಂದ ವಲಸೆ ಬಂದವು. ಕೊಲರಾಡೊದ ಪರ್ವತಗಳಲ್ಲಿ ಹಿಂದಕ್ಕೆ ಬಾಲದಂತೆ ಚಾಚಿದ ಉದ್ದನೆಯ ಮಕರಂದದ ನಳಿಕೆಗಳಿರುವ ಅಕ್ವಿಲೀಜಿಯಾ ಹೂಗಳಿಗೂ ಇದೇ ಪತಂಗ ಭೇಟಿ ಕೊಡುತ್ತದೆ. ಮರುಭೂಮಿಯಲ್ಲಿ ಇದು ಎದ್ದು ಕಾಣುವುದಕ್ಕೆ ಕಾರಣ ಮಳೆ: ಒಂದೇ ಬಾರಿಗೆ ಮೊಳೆತ ಗಿಡಗಳ ಮೇಲೆ ಒಂದೇ ಬಾರಿಗೆ ಬೆಳೆದ ಹುಳುಗಳು ರಸ್ತೆ ತುಂಬಿದಾಗ ಕಾಣದಿರುವುದು ಹೇಗೆ? ವರ್ಷಕ್ಕೆ 300 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ, ಅದರಲ್ಲಿ ಅರ್ಧದಷ್ಟು ಬೇಸಿಗೆಯಲ್ಲೇ ಸುರಿಯುವ ಟ್ಯೂಸಾನ್‌ನಲ್ಲಿ ಇದು ಸ್ವಾಭಾವಿಕ.

ಈ ಸುಗ್ಗಿಗಾಗಿ ಕಾದಿರುವವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಬೊರೆಗೊ ಸ್ಪ್ರಿಂಗ್ಸ್ ಸುತ್ತ, ದಕ್ಷಿಣ ಅಮೆರಿಕದಿಂದ ಉತ್ತರಕ್ಕೆ ಮರಳುವ ಸ್ವೇನ್ಸನ್ ಗಿಡುಗಗಳು ವಸಂತದಲ್ಲಿ ನೆಲಕ್ಕಿಳಿದು ಈ ಹುಳುಗಳನ್ನು ತಿಂದು ಮುಂದಕ್ಕೆ ಸಾಗುತ್ತವೆ. ನಿಮ್ಮ ಊರಿನ ಸುತ್ತಿನ ಮೂಲನಿವಾಸಿಗಳಾದ ಟೊಹೊನೊ ಓಡಮ್ ಜನರು ಹಿಂದಿನಿಂದಲೂ ಇವನ್ನು ಸಂಗ್ರಹಿಸಿ, ಒಳಗಿನದನ್ನು ಹಿಂಡಿ ತೆಗೆದು, ಹುರಿದು ತಿನ್ನುತ್ತಿದ್ದರು.

ಇನ್ನು ನಮ್ಮ ನಾಡಿನ ವಿಷಯ. ಹಳೆಯ ಬರಹಗಳಲ್ಲಿ ಲಿನಿಯೇಟಾ ಭಾರತದಲ್ಲಿಯೂ ಇದೆ ಎಂದು ಓದಿದರೆ ಗೊಂದಲಕ್ಕೊಳಗಾಗಬೇಡಿ. ಆಫ್ರಿಕಾ, ದಕ್ಷಿಣ ಯುರೋಪ್ ಮತ್ತು ಏಷ್ಯಾಗಳಲ್ಲಿ ಹರಡಿರುವ, 1780ರಲ್ಲಿ ಎಸ್ಪರ್ ಹೆಸರಿಸಿದ ಲಿವೋರ್ನಿಕಾ ಮತ್ತು ಆಸ್ಟ್ರೇಲಿಯಾದ ಲಿವೋರ್ನಿಕಾಯ್ಡೀಸ್ ಇವೆರಡನ್ನೂ ಬಹುಕಾಲ ಲಿನಿಯೇಟಾದ ಉಪಪ್ರಭೇದಗಳೆಂದು ಎಣಿಸಲಾಗುತ್ತಿತ್ತು. ಕುಲದ ಹೆಸರನ್ನೂ ಹೈಲಿಸ್ ಬದಲು ಸೆಲೆರಿಯೊ ಎಂದು ಬರೆಯುತ್ತಿದ್ದರು. ಈಗ ಮೂರೂ ಪ್ರತ್ಯೇಕ ಪ್ರಭೇದಗಳು. ರಾಜಸ್ಥಾನವೂ ಸೇರಿದ ವಾಯವ್ಯ ಭಾರತದಲ್ಲಿರುವುದು ಹೈಲಿಸ್ ಲಿವೋರ್ನಿಕಾ. ಆಸ್ಟ್ರೇಲಿಯಾದ ಪ್ರಭೇದದ ಹುಳುವೂ ಬೋರ್ಹಾವಿಯಾವನ್ನೇ ತಿನ್ನುತ್ತದೆ ಎಂಬುದು ಮೇಲಿನ ಉತ್ತರಕ್ಕೆ ಪೂರಕವಾದ ಸಂಗತಿ; ಅಲ್ಲಿಯೂ ಆಲಿಸ್ ಸ್ಪ್ರಿಂಗ್ಸ್ ಸುತ್ತಿನ ಮೂಲನಿವಾಸಿಗಳಿಗೆ ಆ ಹುಳು ಆಹಾರವಾಗಿದೆ.

ನೀವು ವಿಜಯಪುರದ ದ್ರಾಕ್ಷಿ ತೋಟದಲ್ಲಿ ಕಂಡದ್ದು ಬಹುಶಃ ಹಿಪೊಶನ್ ಸೆಲೆರಿಯೊ ಎಂಬ ಇನ್ನೊಂದು ಹಾಕ್ ಮಾತ್ (ಇಲ್ಲಿ ಸೆಲೆರಿಯೊ ಎಂಬುದು ಪ್ರಭೇದದ ಹೆಸರು, ಮೇಲೆ ಹೇಳಿದ ಹಳೆಯ ಕುಲದ ಹೆಸರಲ್ಲ). ಅದರ ಮುಂದಿನ ರೆಕ್ಕೆಯ ತುದಿಯತ್ತ ಸಾಗುವ ಬೆಳ್ಳಿ ಗೆರೆಯೂ ಹಿಂದಿನ ರೆಕ್ಕೆಯ ಬುಡದ ಗುಲಾಬಿಗೆಂಪೂ ದೂರದಿಂದ ಹೈಲಿಸ್ ಅನ್ನು ನೆನಪಿಸುತ್ತವೆ, ಆದರೆ ನರಗಳ ಮೇಲೆ ಬಿಳಿ ಗೆರೆಗಳಿಲ್ಲ. ಅದರ ಹುಳು ದ್ರಾಕ್ಷಿ ಮತ್ತು ಕೆಸು ಎರಡನ್ನೂ ತಿನ್ನುತ್ತದೆ, ಮತ್ತು ಆ ಹುಳುವಿನ ಎದೆಯ ಹಿಂದಿನ ಭಾಗದಲ್ಲಿ ಕಣ್ಣಿನಂಥ ಗುರುತು ಇರುತ್ತದೆ. ಭಾರತದ ಹಾಕ್ ಮಾತ್‌ಗಳ ಆಹಾರಸಸ್ಯಗಳ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಭಾಗ ಬಂದದ್ದು ನಮ್ಮ ಕಾರವಾರದಿಂದ: ಅಲ್ಲಿ ನೆಲೆಸಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಅವರು ಉತ್ತರ ಕನ್ನಡದ ಕಾಡುಗಳಿಂದ ಹುಳುಗಳನ್ನು ತಂದು ಸಾಕಿ, ಎಫ್. ಬಿ. ಸ್ಕಾಟ್ ಅವರೊಡನೆ 1937ರಲ್ಲಿ ಈ ಕುಟುಂಬದ ಬಗ್ಗೆ ಒಂದು ಸಂಪುಟವನ್ನೇ ಪ್ರಕಟಿಸಿದರು. ಕಂಡ ಗಿಡಕ್ಕಿಂತ ಸಾಕಿದ ಗಿಡವನ್ನು ನಂಬಬೇಕೆನ್ನುವ ಬೇಲಿಸಾಲಿನ ಗಿಡ ಅವರ ಮಾತಿಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಟ್ಯೂಸಾನ್‌ವಾಸಿ:

ನಿವೇಶನದ ಕಳೆಯನ್ನು ಹೋಗಿ ನೋಡಿದೆ. ಅಂಟು ಕಾಂಡದ ಬೋರ್ಹಾವಿಯಾ ಮತ್ತು ಗೋಣಿಸೊಪ್ಪು ಎರಡೂ ಇವೆ, ಎರಡರಲ್ಲೂ ಹುಳುಗಳಿವೆ. ಸಂಜೆಮಲ್ಲಿಗೆಯಲ್ಲಿ ಮೊಟ್ಟೆ ಸಿಗಲಿಲ್ಲ. ಕೆಲವು ಹುಳುಗಳನ್ನು ಸಾಕಿ ನೋಡಬೇಕೆಂದಿದ್ದೇನೆ. ರಸ್ತೆಯಲ್ಲಿ ನಡೆಯುತ್ತಿರುವವನ್ನು ತರಬಹುದೇ? ಹೇಗೆ ಇಡಬೇಕು?

ರೆಕ್ಕೆಗೆರೆ:

ರಸ್ತೆಯಲ್ಲಿ ನಡೆಯುತ್ತಿರುವವು ಎರಡು ಬಗೆ. ತಿನ್ನುತ್ತಿದ್ದ ಗಿಡ ಮುಗಿದು ಇನ್ನೊಂದನ್ನು ಹುಡುಕುವವು ಕೆಲವು, ತಿನ್ನುವುದನ್ನು ಮುಗಿಸಿ ಮಣ್ಣು ಹುಡುಕುವವು ಕೆಲವು. ಆಹಾರಸಸ್ಯದ ಪ್ರಶ್ನೆಗೆ ಎರಡೂ ಉಪಯೋಗವಿಲ್ಲ, ಏಕೆಂದರೆ ಅವು ಈವರೆಗೆ ಏನು ತಿಂದವು ಎಂಬುದು ತಿಳಿಯದು. ಬೋರ್ಹಾವಿಯಾದ ಮೇಲಿರುವ ಚಿಕ್ಕ ಹುಳುಗಳನ್ನೇ ಆರಿಸಿ, ಅದೇ ಗಿಡದ ಹೊಸ ಎಲೆಗಳನ್ನು ದಿನವೂ ಕೊಡಿ. ಗೋಣಿಸೊಪ್ಪಿನ ಮೇಲಿನವನ್ನು ಬೇರೆ ಪೆಟ್ಟಿಗೆಯಲ್ಲಿಟ್ಟು ಅದನ್ನೇ ಕೊಡಿ. ಹಸಿರು ಮತ್ತು ಕಪ್ಪು ಹುಳುಗಳನ್ನು ಪ್ರತ್ಯೇಕವಾಗಿಟ್ಟರೆ ನಿಮ್ಮ ಮೊದಲ ಪ್ರಶ್ನೆಗೂ ನಿಮ್ಮ ಕಣ್ಣೆದುರೇ ಉತ್ತರ ಸಿಗುತ್ತದೆ. ಗಾಳಿಯಾಡುವ ಬಲೆಯ ಮುಚ್ಚಳ ಇರಲಿ, ಪೆಟ್ಟಿಗೆಯೊಳಗೆ ತೇವ ನಿಲ್ಲದಿರಲಿ.

ಹುಳು ತಿನ್ನುವುದನ್ನು ನಿಲ್ಲಿಸಿ ಪೆಟ್ಟಿಗೆಯಲ್ಲಿ ಸುತ್ತತೊಡಗಿದ ಕೂಡಲೇ ನಾಲ್ಕೈದು ಬೆರಳು ಆಳದಷ್ಟು ಸಡಿಲವಾದ, ಸ್ವಲ್ಪ ಮಾತ್ರ ತೇವವಿರುವ ಮರಳುಮಣ್ಣನ್ನು ಒದಗಿಸಿ. ಅದು ಹೆಚ್ಚು ಆಳಕ್ಕೆ ಹೋಗದೆ ಮೇಲ್ಪದರದಲ್ಲೇ ಗೂಡು ಮಾಡಿಕೊಂಡು ಕೋಶವಾಗುತ್ತದೆ. ಕೋಶವನ್ನು ಅಗೆದು ನೋಡಬೇಡಿ. ಬೇಸಿಗೆಯ ಬಿಸಿಯಲ್ಲಾದರೆ ಎರಡು-ಮೂರು ವಾರಗಳಲ್ಲಿ ಪತಂಗ ಹೊರಬರುವುದು ಸಾಮಾನ್ಯ, ಋತುವಿನ ಕೊನೆಯವು ಚಳಿಗಾಲವನ್ನು ಮಣ್ಣಿನಲ್ಲೇ ಕಳೆಯಬಹುದು. ಹೊರಬಂದ ಪತಂಗ ಮೇಲಕ್ಕೆ ಹತ್ತಿ ರೆಕ್ಕೆಗಳನ್ನು ಇಳಿಬಿಟ್ಟು ಹಿಗ್ಗಿಸಿಕೊಳ್ಳಬೇಕಾದ್ದರಿಂದ ಒರಟಾದ ಒಂದು ಕಡ್ಡಿಯನ್ನು ಓರೆಯಾಗಿ ನಿಲ್ಲಿಸಿ. ಮೊದಲ ಹಾರಾಟಕ್ಕೆ ಮುನ್ನ ಅದು ಕುಳಿತಲ್ಲೇ ರೆಕ್ಕೆಗಳನ್ನು ನಡುಗಿಸುತ್ತಿದ್ದರೆ ಅದಕ್ಕೆ ಏನೋ ಆಗಿದೆ ಎಂದು ಹೆದರಬೇಡಿ. ಹಾರಲು ಬೇಕಾದ ಬಿಸಿಯನ್ನು ಎದೆಯ ಸ್ನಾಯುಗಳಲ್ಲಿ ಹುಟ್ಟಿಸಿಕೊಳ್ಳುವ ಕ್ರಮ ಅದು. ಆಗಲೇ ಮೇಲಿನಿಂದ ಒಂದು ಚಿತ್ರ ತೆಗೆಯಿರಿ, ತಿಂದ ಗಿಡದ ಚಿತ್ರವನ್ನೂ ಜೊತೆಗೆ ಸೇರಿಸಿ ಇಲ್ಲಿ ಹಾಕಿರಿ.